ಬಡಾವಣೆ ಖಾಲಿ ಮಾಡುವಾಗ: ಸರದಿಯಲ್ಲೋ, ಎಲ್ಲರೂ ಒಟ್ಟಿಗೋ?

ಬೆಂಕಿ, ನೆರೆ ಅಥವಾ ವಿಷಾನಿಲದ ಅಪಾಯ ಎದುರಾದಾಗ ಬಡಾವಣೆಯ ಜನರನ್ನು ವಲಯವಾರು ಸರದಿಯಲ್ಲಿ ಹೊರಡಿಸಬೇಕೆ? ಲೆಕ್ಕಕ್ಕೆಂದು ಇಬ್ಬರೂ ಲೇಖಕರು ಒಂದೇ ಮಾದರಿ ಇಟ್ಟುಕೊಂಡಿದ್ದಾರೆ: 900 ಮನೆ, 3,600 ಜನ, 1,200 ಕಾರು, ಹೊರಹೋಗಲು ಎರಡು ದಾರಿ, ಪ್ರತಿ ದಾರಿಯಲ್ಲೂ ಹೊರಮುಖವಾಗಿ ಒಂದೇ ಲೇನ್.

ಪರ: ಅಪಾಯಕ್ಕೆ ಹತ್ತಿರವಿರುವವರು ಮೊದಲು

ತೆರವು ಯೋಜನೆ ಎಂದ ಕೂಡಲೇ ನಿವಾಸಿಗಳ ಸಂಘಗಳು ಬಾಣದ ಗುರುತಿನ ನಕ್ಷೆಯೊಂದನ್ನು ಬರೆಸಿ ಗೇಟಿನ ಬಳಿ ತೂಗುಹಾಕುತ್ತವೆ. ದಾರಿ ಯಾವುದೆಂದು ನಕ್ಷೆ ಹೇಳುತ್ತದೆ. ಆ ದಾರಿಯಲ್ಲಿ ಗಂಟೆಗೆ ಎಷ್ಟು ವಾಹನ ಹಾಯುತ್ತವೆ ಎಂಬುದನ್ನು ಮಾತ್ರ ಯಾರೂ ಅಳೆದಿರುವುದಿಲ್ಲ. ಇದಕ್ಕೆ ತಜ್ಞರೇ ಬೇಕೆಂದಿಲ್ಲ. ಬೆಳಗಿನ ದಟ್ಟಣೆಯಲ್ಲಿ, ಹೊರದಾರಿ ಮುಖ್ಯರಸ್ತೆಗೆ ಸೇರುವ ಕಡೆ ಸಾಲು ನಿಂತಿರುವಾಗಲೇ, 15 ನಿಮಿಷ ವಾಹನ ಎಣಿಸಿ ನಾಲ್ಕರಿಂದ ಗುಣಿಸಿ. ಸಾಲಿಲ್ಲದ ಹೊತ್ತಿನಲ್ಲಿ ಎಣಿಸಿದರೆ ಆಗ ಎಷ್ಟು ಮಂದಿ ಹೊರಟಿದ್ದರು ಎಂಬುದಷ್ಟೇ ಗೊತ್ತಾಗುತ್ತದೆ, ರಸ್ತೆಯ ಸಾಮರ್ಥ್ಯ ತಿಳಿಯುವುದಿಲ್ಲ. ತಡೆಯಿಲ್ಲದ ಹೆದ್ದಾರಿಯ ಒಂದು ಲೇನ್‌ನಲ್ಲಿ ಗಂಟೆಗೆ 2,000ದಷ್ಟು ವಾಹನ ಸಾಗಬಹುದು. ನಿಂತು ತಿರುಗಬೇಕಾದ ಕೂಡುರಸ್ತೆಯಲ್ಲಿ ಅದರ ಮೂರನೇ ಒಂದು ಪಾಲೂ ಸಿಗದಿರಬಹುದು.

ನಿಮ್ಮ ಎಣಿಕೆ 600 ಎಂದು ಬಂತೆನ್ನೋಣ. ಎರಡೂ ದಾರಿ ತೆರೆದಿದ್ದರೆ 1,200 ಕಾರು ಹೊರಬೀಳಲು ಒಂದು ಗಂಟೆ. ಆದರೆ ನೀರೋ ಬೆಂಕಿಯೋ ಒಂದು ದಾರಿಯನ್ನು ಮುಚ್ಚಿಬಿಡುತ್ತದೆ ಎಂದುಕೊಂಡೇ ಯೋಜನೆ ಮಾಡಬೇಕು. ಆಗ ಎರಡು ಗಂಟೆ. ಎಲ್ಲರೂ ಒಮ್ಮೆಗೇ ಹೊರಟರೆ ಕಾರಿಗೆ 7 ಮೀಟರ್‌ನಂತೆ ಸಾಲಿನ ಉದ್ದ 8.4 ಕಿ.ಮೀ. ಅಷ್ಟು ಉದ್ದದ ಒಂದೇ ಸಾಲನ್ನು ಯಾವ ಬಡಾವಣೆಯ ರಸ್ತೆ ಹಿಡಿದೀತು? ಅದು ಅಡ್ಡರಸ್ತೆಗಳ ಬಾಯಿ ಮುಚ್ಚುತ್ತದೆ, ಒಳಬರಬೇಕಾದ ಅಗ್ನಿಶಾಮಕ ವಾಹನವನ್ನು ಗೇಟಿನ ಹೊರಗೇ ನಿಲ್ಲಿಸುತ್ತದೆ, ನಡುವೆ ಒಂದು ಕಾರು ಕೆಟ್ಟರೆ ಹಿಂದಿನದೆಲ್ಲ ಅಲ್ಲೇ.

ಸರದಿಯಿಂದ ಈ ಎರಡು ಗಂಟೆ ಕಡಿಮೆಯಾಗುವುದಿಲ್ಲ, ನಿಜ. ಯಾರು ಎಲ್ಲಿ ಕಾಯುತ್ತಾರೆ ಎಂಬುದು ಬದಲಾಗುತ್ತದೆ, ಜೀವ ಉಳಿಯುವುದು ಅದರಲ್ಲೇ. ತಲಾ 150 ಮನೆಗಳ ಆರು ವಲಯ ಮಾಡಿ. ವಲಯಕ್ಕೆ 200 ಕಾರು, ಒಂದೇ ದಾರಿಯಾದರೂ 20 ನಿಮಿಷ. ಹೊಳೆಯಂಚಿನ ವಲಯ ಮೊದಲ 20 ನಿಮಿಷದಲ್ಲಿ ಖಾಲಿಯಾಗುತ್ತದೆ. ಸರದಿಯಿಲ್ಲದಿದ್ದರೆ ಗೇಟಿಗೆ ಹತ್ತಿರವಿರುವವರು ಮೊದಲು ನುಗ್ಗುತ್ತಾರೆ, ಅಂಚಿನವರ ಕೊನೆಯ ಕಾರು ಎರಡನೇ ಗಂಟೆಯಲ್ಲೂ ನೀರಿನ ಪಕ್ಕದಲ್ಲೇ ನಿಂತಿರುತ್ತದೆ.

ವಲಯದ ಗಡಿ ಎಳೆಯುವಾಗಲೇ ಹೆಚ್ಚಿನ ಯೋಜನೆಗಳು ಕೆಡುತ್ತವೆ. ಬೀದಿಯ ನಡುವೆ ಗಡಿ ಹಾಯಿಸಿದರೆ ಎದುರುಮನೆಯವರು ಹೊರಟದ್ದನ್ನು ನೋಡಿ ಈಚೆಯವರೂ ಹೊರಡುತ್ತಾರೆ. ಗಡಿ ಹಿತ್ತಿಲುಗಳ ಸಾಲಿನಲ್ಲೋ, ದೊಡ್ಡ ಚರಂಡಿಯ ಗುಂಟವೋ, ಪಾರ್ಕಿನ ಬೇಲಿಯ ಮೇಲೋ ಹೋಗಲಿ. ವಲಯದ ಅಕ್ಷರವನ್ನು ಪ್ರತಿ ದೀಪದ ಕಂಬದ ಮೇಲೂ ಬೆಳಕಿಗೆ ಹೊಳೆಯುವ ಬಣ್ಣದಲ್ಲಿ ಬರೆಸಿ. ಬಾಡಿಗೆಗೆ ಮೊನ್ನೆ ಬಂದವರಿಗೂ, ರಾತ್ರಿ ಉಳಿದ ನೆಂಟರಿಗೂ ತಾವಿರುವ ವಲಯ ಕಾಣಬೇಕು.

ಕ್ರಮವನ್ನೂ ಮೊದಲೇ ಬರೆದಿಡಿ. ನೆರೆಗೆ ಒಂದು ಹಾಳೆ: ತಗ್ಗಿನ ವಲಯ ಮೊದಲು, ಅದರ ಜೊತೆಗೆ ಯಾವ ಮೋರಿ ಮೊದಲು ಮುಳುಗುತ್ತದೆ ಎಂಬ ವಿವರ. ಹರಿಯುವ ನೀರು 15 ಸೆಂ.ಮೀ. ಇದ್ದರೂ ನಡೆಯುವವರನ್ನು ಬೀಳಿಸಬಲ್ಲದು, 30 ಸೆಂ.ಮೀ. ಸಣ್ಣ ಕಾರನ್ನು ತೇಲಿಸಬಲ್ಲದು, 60 ಸೆಂ.ಮೀ. ಹೆಚ್ಚಿನ ವಾಹನಗಳನ್ನೆಲ್ಲ ಎಳೆದೊಯ್ಯಬಲ್ಲದು. ಬೆಂಕಿಗೆ ನಾಲ್ಕು ಹಾಳೆ, ಗಾಳಿಯ ಒಂದೊಂದು ದಿಕ್ಕಿಗೆ ಒಂದೊಂದು. ನಡುರಾತ್ರಿ ಎದ್ದವರು ಲೆಕ್ಕ ಹಾಕುವಂತಿರಬಾರದು, ಗಾಳಿ ನೋಡಿ ಹಾಳೆ ಎತ್ತಿಕೊಂಡರೆ ಸಾಕು.

ಎಲ್ಲ ವಲಯಗಳಿಗೂ ಮುಂಚೆ ಒಂದು ಹಂತ ಇರಲೇಬೇಕು. ಹಾಸಿಗೆ ಹಿಡಿದವರು, ವೀಲ್‌ಚೇರ್ ಬಳಸುವವರು, ಆಕ್ಸಿಜನ್ ಮೇಲಿರುವವರು ಮೊದಲ ಮುನ್ಸೂಚನೆಗೇ ಹೊರಡಬೇಕು. ಒಬ್ಬೊಬ್ಬರಿಗೆ ಇಬ್ಬರು ಸಹಾಯಕರು, ಜೊತೆಗೆ ಒಬ್ಬ ಬದಲಿ. ಮೆಟ್ಟಿಲಿಳಿಸುವ ಮನೆಗೆ ನಾಲ್ವರು. ವಿದ್ಯುತ್ ಹೋದರೆ ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ, ನಿಲ್ಲುತ್ತದೆ. ನಿಮಿಷಕ್ಕೆ 2 ಲೀಟರ್ ಬೇಕಾದವರಿಗೆ 1,500 ಲೀಟರ್ ತುಂಬಿದ ಸಿಲಿಂಡರ್ ಹನ್ನೆರಡೂವರೆ ಗಂಟೆ ಬರುತ್ತದೆ, 5 ಲೀಟರ್ ಬೇಕಾದವರಿಗೆ ಐದೇ ಗಂಟೆ. ಈ ಲೆಕ್ಕ ಪಟ್ಟಿಯಲ್ಲೇ ಅವರವರ ಹೆಸರಿನ ಮುಂದೆ ಇರಲಿ.

ವಿಷಾನಿಲದ ವಿಷಯದಲ್ಲಂತೂ ವಲಯವಿಲ್ಲದೆ ಯೋಜನೆಯೇ ಸಾಧ್ಯವಿಲ್ಲ. ಕ್ಲೋರಿನ್ ಗಾಳಿಗಿಂತ ಭಾರ, ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ಅನಿಲದ ಮೋಡ ಆಗಲೇ ತಲುಪಿದ ವಲಯದವರು ಕಿಟಕಿ ಮುಚ್ಚಿ, ಫ್ಯಾನ್ ಮತ್ತು ಎ.ಸಿ. ಆರಿಸಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ ಮೇಲ್ಮಹಡಿಯಲ್ಲಿರಬೇಕು. ಇನ್ನೂ ತಲುಪದ ವಲಯದವರು ಗಾಳಿಗೆ ಅಡ್ಡಲಾಗಿ ಹೊರಡಬೇಕು. ಒಂದೇ ಹೊತ್ತಿಗೆ ಎರಡು ಕಡೆಗೆ ಎರಡು ಬಗೆಯ ಆದೇಶ! ಎಲ್ಲರನ್ನೂ ಬೀದಿಗಿಳಿಸುವ ಸೈರನ್ ಅಲ್ಲಿ ಕೊಲ್ಲುತ್ತದೆ.

2005ರ ಸೆಪ್ಟೆಂಬರ್‌ನಲ್ಲಿ ರೀಟಾ ಚಂಡಮಾರುತಕ್ಕೆ ಹೆದರಿ ಟೆಕ್ಸಾಸ್‌ನಲ್ಲಿ 25 ಲಕ್ಷಕ್ಕೂ ಹೆಚ್ಚು ಜನ ರಸ್ತೆಗಿಳಿದರು. ಕತ್ರೀನಾ ಅಪ್ಪಳಿಸಿ ಒಂದು ತಿಂಗಳೂ ಆಗಿರಲಿಲ್ಲ. ಹೊರಡಬೇಕಿಲ್ಲದ ಒಳನಾಡಿನವರೂ ಹೊರಟರು, ಕಡಲಂಚಿನವರು ಅವರ ಹಿಂದೆ ಸಿಲುಕಿದರು. ಚಂಡಮಾರುತಕ್ಕಿಂತ ತೆರವಿನಲ್ಲೇ ಹೆಚ್ಚು ಮಂದಿ ಸತ್ತರು. ವೃದ್ಧಾಶ್ರಮದವರನ್ನು ಒಯ್ಯುತ್ತಿದ್ದ ಬಸ್ಸೊಂದಕ್ಕೆ ಬೆಂಕಿ ಬಿದ್ದು 23 ಹಿರಿಯರು ತೀರಿಕೊಂಡರು. ಬಸ್ಸಿನಲ್ಲಿದ್ದ ಆಕ್ಸಿಜನ್ ಸಿಲಿಂಡರ್‌ಗಳು ಬೆಂಕಿಯನ್ನು ಇನ್ನಷ್ಟು ಉಗ್ರವಾಗಿಸಿದವು. ಅನಗತ್ಯವಾಗಿ ಹೊರಟ ಪ್ರತಿಯೊಂದು ಕಾರೂ ನಿಜವಾಗಿ ಹೊರಡಬೇಕಾದವರ ದಾರಿಯನ್ನು ಕಟ್ಟುತ್ತದೆ. ಅದನ್ನು ತಡೆಯಲು ಜನರಿಗೆ ತಮ್ಮ ವಲಯ ಯಾವುದು, ತಮ್ಮ ಸರದಿ ಎಷ್ಟನೆಯದು ಎಂಬುದು ಬಿಸಿಲು ದಿನಗಳಲ್ಲೇ ಗೊತ್ತಿರಬೇಕು.

ವಿರೋಧ: ಸಂಕೇತ ಒಂದೇ ಇರಲಿ, ಎಲ್ಲರೂ ಹೊರಡಲಿ

ಇಪ್ಪತ್ತು ನಿಮಿಷಕ್ಕೊಂದು ವಲಯ ಎಂಬ ಲೆಕ್ಕ ಚೆಂದವಾಗಿದೆ. ಆರನೆಯ ವಲಯದವರು ಒಂದು ಗಂಟೆ ನಲವತ್ತು ನಿಮಿಷ ಮನೆಯಲ್ಲೇ ಕೂರಬೇಕು ಎಂಬುದೂ ಅದೇ ಲೆಕ್ಕದಲ್ಲಿದೆ. ಅಪಾಯ ಎತ್ತಲಿಂದ ಬರುತ್ತದೆ, ಎಷ್ಟು ಹೊತ್ತಿಗೆ ತಲುಪುತ್ತದೆ ಎಂಬ ಎರಡೂ ಊಹೆ ಸರಿಯಾಗಿದ್ದರೆ ಮಾತ್ರ ಈ ಕಾಯುವಿಕೆ ಸುರಕ್ಷಿತ. ಊಹೆ ತಪ್ಪಿದರೆ ಅದರ ಬೆಲೆ ತೆರುವವರು ಮಾತು ಕೇಳಿ ಸುಮ್ಮನೆ ಕೂತವರು.

ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣದಲ್ಲಿ ವಲಯಗಳಿದ್ದವು, ಬರೆದಿಟ್ಟ ಯೋಜನೆಯಿತ್ತು, ಮುಖ್ಯರಸ್ತೆಯ ಎಲ್ಲ ಲೇನ್‌ಗಳನ್ನೂ ಹೊರಮುಖ ಮಾಡುವ ಅಭ್ಯಾಸವೂ ನಡೆದಿತ್ತು. 2018ರ ನವೆಂಬರ್ 8ರ ಬೆಳಿಗ್ಗೆ ಆರೂವರೆ ಸುಮಾರಿಗೆ ಕಾಣಿಸಿಕೊಂಡ ಬೆಂಕಿ ಎಂಟರ ಹೊತ್ತಿಗೆ ಪಟ್ಟಣದೊಳಗಿತ್ತು. ಗಾಳಿ ಹೊತ್ತೊಯ್ದ ಕೆಂಡಗಳು ಬೆಂಕಿಯ ಮುಂಚೂಣಿಗಿಂತ ಬಹಳ ಮುಂದೆ ಬಿದ್ದು ಹೊಸ ಬೆಂಕಿ ಹಚ್ಚಿದವು. ಹಾಗಾದ ಮೇಲೆ ಅಪಾಯಕ್ಕೆ ಹತ್ತಿರದ ವಲಯ ಎಂಬ ಮಾತಿಗೆ ಅರ್ಥವೇ ಉಳಿಯಲಿಲ್ಲ. ಪೂರ್ವದ ವಲಯಗಳಿಗೆ ಮೊದಲ ಆದೇಶ ಹೋಯಿತು; ಅನೇಕರಿಗೆ ಯಾವ ಸಂದೇಶವೂ ತಲುಪಲೇ ಇಲ್ಲ. ಆ ಕಾಳ್ಗಿಚ್ಚಿನಲ್ಲಿ 85 ಮಂದಿ ಸತ್ತರು.

ಸರದಿಯಲ್ಲಿ ಆರು ಆದೇಶ ಆರು ಹೊತ್ತಿಗೆ ಹೋಗಬೇಕು. ಟವರ್‌ಗೆ ವಿದ್ಯುತ್ ಹೋದರೆ ಮೊಬೈಲ್ ಸಂದೇಶ ನಿಲ್ಲುತ್ತದೆ. ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಆದೇಶದ ಮೇಲೆ ನೂರು ಪ್ರಶ್ನೆ ಬಿದ್ದು ಅದು ಮೇಲಕ್ಕೆ ಸರಿದುಹೋಗುತ್ತದೆ. ಧ್ವನಿವರ್ಧಕದ ವಾಹನ ಎದುರಿಗೆ ಬರುವ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲ ಆದೇಶ ಹೇಗೋ ತಲುಪೀತು, ನಾಲ್ಕನೆಯದರ ಖಾತರಿ ಯಾರಿಗಿದೆ?

ಇರಿ ಎಂದು ಒಮ್ಮೆ ಹೇಳಿದ ಮಾತನ್ನು ಹಿಂದಕ್ಕೆ ಪಡೆಯುವುದು ಎಷ್ಟು ಕಷ್ಟ ಎಂಬುದನ್ನು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ಬಹುಮಹಡಿ ವಸತಿ ಕಟ್ಟಡ ತೋರಿಸಿಕೊಟ್ಟಿದೆ. 2017ರ ಜೂನ್ 14ರಂದು ಬೆಂಕಿಯ ಮೊದಲ ಕರೆ ಹೋದದ್ದು ರಾತ್ರಿ 12.54ಕ್ಕೆ. ಮನೆಯೊಳಗೇ ಇರಿ ಎಂಬ ಸಲಹೆಯನ್ನು ಕೈಬಿಟ್ಟದ್ದು 2.47ಕ್ಕೆ. ಸತ್ತವರು 72 ಮಂದಿ. ಸುಮಾರು ಒಂದು ಗಂಟೆ ಮೊದಲೇ ಆ ಸಲಹೆಯನ್ನು ಬದಲಿಸಬಹುದಿತ್ತು ಎಂದು ವಿಚಾರಣಾ ಆಯೋಗ ಹೇಳಿತು. ಅದು ಒಂದೇ ಕಟ್ಟಡ. ಬಡಾವಣೆಯಲ್ಲಿ ಇನ್ನೂ ಕಷ್ಟ.

ಇನ್ನು ರೀಟಾ. ಕಡಲಂಚಿನವರು ಮೊದಲು, ಒಳನಾಡಿನವರು ಆಮೇಲೆ ಎಂಬ ಸರದಿ ಅಲ್ಲೂ ಇತ್ತು. ಜನ ಅದನ್ನು ಪಾಲಿಸಲಿಲ್ಲ, ಭಯದಲ್ಲಿರುವವರು ಪಾಲಿಸುವುದೂ ಇಲ್ಲ. ಹೊಗೆ ಕಂಡ ಮೇಲೆ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ತಮ್ಮ ಅಕ್ಷರ ಕೂಗುವವರೆಗೆ ಕಾಯಿರಿ ಎನ್ನುವುದು ಯಾವ ತಂದೆತಾಯಿಗೂ ಒಪ್ಪುವ ಮಾತಲ್ಲ.

ಹಾಗಾದರೆ 8.4 ಕಿ.ಮೀ. ಸಾಲಿಗೆ ಏನು ಮಾಡುವುದು? ಸಾಲನ್ನೇ ಚಿಕ್ಕದು ಮಾಡಿ. ಮನೆಗೊಂದೇ ಕಾರು ಎಂದರೆ 1,200 ಇದ್ದದ್ದು 900ಕ್ಕೆ ಇಳಿಯುತ್ತದೆ. ಅದಕ್ಕಿಂತ ದೊಡ್ಡ ಉಳಿತಾಯ ಕಾಲ್ನಡಿಗೆಯಲ್ಲಿದೆ. ನಡೆಯುವ ಜನರ ಸಾಲು ಒಂದು ಮೀಟರ್ ಅಗಲಕ್ಕೆ ಸೆಕೆಂಡಿಗೆ ಒಬ್ಬರಂತೆ ಹಾಯುತ್ತದೆ ಎಂದು ಹಿಡಿಯಬಹುದು. 3 ಮೀಟರ್ ಅಗಲದ ಒಂದೇ ಲೇನ್‌ನಲ್ಲಿ ನಿಮಿಷಕ್ಕೆ 180 ಜನ, 3,600 ಮಂದಿಗೆ 20 ನಿಮಿಷ. ಕಾರಿನಲ್ಲಾದರೆ ಅದೇ ಲೇನ್‌ಗೆ ಎರಡು ಗಂಟೆ ಬೇಕಿತ್ತು! ಒಂದು ಕಿಲೋಮೀಟರ್ ಒಳಗೆ ಎತ್ತರದ ಮೈದಾನವೋ ಗಟ್ಟಿ ಕಟ್ಟಡವೋ ಇದ್ದರೆ ನಿಧಾನ ನಡಿಗೆಗೂ ಇಪ್ಪತ್ತು ನಿಮಿಷದ ದೂರ. ಕಾರುಗಳನ್ನು ನಡೆಯಲಾಗದವರಿಗೆ ಬಿಡಿ. 2011ರ ಮಾರ್ಚ್ 11ರಂದು ಜಪಾನಿನ ಕಮಾಯಿಶಿಯಲ್ಲಿ ಪ್ರೌಢಶಾಲೆಯ ಮಕ್ಕಳು ಭೂಕಂಪ ನಿಂತ ಕೂಡಲೇ ಎತ್ತರಕ್ಕೆ ಓಡಿದರು. ಅವರನ್ನು ನೋಡಿ ಪಕ್ಕದ ಪ್ರಾಥಮಿಕ ಶಾಲೆಯವರೂ ಹೊರಟರು, ತ್ಸುನಾಮಿಯಿಂದ ಪಾರಾದರು. ಒಬ್ಬರನ್ನು ನೋಡಿ ಇನ್ನೊಬ್ಬರು ಹೊರಡುವುದನ್ನು ಸರದಿಯ ಯೋಜನೆ ದೋಷವೆಂದು ಎಣಿಸುತ್ತದೆ. ಇಲ್ಲಿ ಜೀವ ಉಳಿಸಿದ್ದೇ ಅದು.

ಎರಡನೆಯ ಕೆಲಸ, ಬೇಗ ಹೊರಡುವುದು. ಎರಡೂ ದಾರಿ ತೆರೆದಿರುವಾಗಲೇ ಹೊರಟರೆ ತೆರವಿಗೆ 1 ಗಂಟೆ, ಸುದ್ದಿ ಮುಟ್ಟಿಸಲು 15 ನಿಮಿಷ, ಮನೆಯವರು ಸಿದ್ಧವಾಗಲು 30 ನಿಮಿಷ, ಕತ್ತಲೆ ಮತ್ತು ಮಳೆಗೆಂದು ಇನ್ನೂ 30. ಒಟ್ಟು ಎರಡೂಕಾಲು ಗಂಟೆ. ನೀರು ಗಂಟೆಗೆ 20 ಸೆಂ.ಮೀ. ಏರುವ ಕಡೆ, ಮೊದಲು ಮುಳುಗುವ ರಸ್ತೆಯ ಮಟ್ಟಕ್ಕಿಂತ 45 ಸೆಂ.ಮೀ. ಕೆಳಗೆ ಮೋರಿಯ ಗೋಡೆಗೆ ಕೆಂಪು ಪಟ್ಟಿ ಬಳಿಯಿರಿ. ನೀರು ಪಟ್ಟಿ ಮುಟ್ಟಿದರೆ ಸೈರನ್. ಯಾರ ಒಪ್ಪಿಗೆಗೂ ಫೋನ್ ಮಾಡುವಂತಿರಬಾರದು.

ಮೂರನೆಯದು ದಾರಿ. ಹಿಂದಿನ ಗೇಟಿನ ಬೀಗದ ಕೈ ಒಬ್ಬ ಕಾವಲುಗಾರನ ಜೇಬಿನಲ್ಲಿದ್ದರೆ ಆ ಗೇಟು ಇಲ್ಲದಂತೆಯೇ ಲೆಕ್ಕ. ಗೇಟಿನ ಬಳಿಯ ಮೂರು ಮನೆಗಳಲ್ಲಿ ಕೈ ಇರಲಿ, ಒಂದರಲ್ಲಿ ಬೀಗ ಕತ್ತರಿಸುವ ಕಟರ್ ಇರಲಿ. ಮುಖ್ಯ ಹೊರದಾರಿಯ ಒಂದು ಬದಿಯಲ್ಲಿ ವಾಹನ ನಿಲುಗಡೆ ಪೂರ್ತಿ ನಿಷೇಧವಾಗಲಿ, ಕಾರುಗಳು ರಾತ್ರಿ ಮೂತಿ ರಸ್ತೆಗೆ ಮಾಡಿಯೇ ನಿಲ್ಲಲಿ. ಸಾಲಿನ ಬಾಯಲ್ಲಿ ಹಿಂದೆ ಮುಂದೆ ಮಾಡುವ ಒಂದು ಕಾರು ಇಡೀ ಬೀದಿಯನ್ನು ನಿಲ್ಲಿಸುತ್ತದೆ.

ವಿಷಾನಿಲದ ಮಾತು ಸರಿ, ಅದಕ್ಕೆ ಬೇರೆ ಸಂಕೇತ ಬೇಕು. ಆದರೆ ಎರಡೇ ಸಾಕು: ಹೊರಡಿ, ಇಲ್ಲವೇ ಒಳಗಿರಿ. ಎರಡಕ್ಕೂ ಸೈರನ್ ಜೊತೆ ಮಾತಿನ ಘೋಷಣೆ ಇರಲಿ, ಏರಿಳಿಯುವ ಸದ್ದಿನ ಅರ್ಥ ನಿದ್ದೆಗಣ್ಣಿನಲ್ಲಿ ನೆನಪಾಗುವುದಿಲ್ಲ. ವರ್ಷಕ್ಕೆ ಒಂದು ಅಭ್ಯಾಸವಾದರೂ ರಾತ್ರಿ, ಬೀದಿದೀಪ ಆರಿಸಿ ನಡೆಯಲಿ.

ವಲಯದ ನಕ್ಷೆ ಈಗಾಗಲೇ ಮಾಡಿಟ್ಟಿದ್ದರೆ ಅದನ್ನು ಹಿಂದಿರುಗುವ ದಿನಕ್ಕೆ ಬಳಸಿ, ಆಗ ಕಾಯುವುದರಿಂದ ಯಾರ ಜೀವಕ್ಕೂ ಕುತ್ತಿಲ್ಲ. ಪ್ರತಿ ಮನೆಯಲ್ಲೂ ಗ್ಯಾಸ್ ವಾಸನೆ, ಮೀಟರ್ ಬೋರ್ಡಿನ ತೇವ, ಗೋಡೆಯ ಬಿರುಕು ನೋಡಿದ ಮೇಲಷ್ಟೇ ಮೇನ್ ಸ್ವಿಚ್ ಹಾಕಬೇಕು. ಇಬ್ಬರ ತಂಡಕ್ಕೆ ಮನೆಗೆ 10 ನಿಮಿಷವೆಂದರೆ 150 ಮನೆಗಳ ವಲಯಕ್ಕೆ ಐದು ತಂಡ, ಐದು ಗಂಟೆ. ಒಂದು ವಲಯ ಮುಗಿದ ಮೇಲೆ ಇನ್ನೊಂದನ್ನು ಕರೆಯಿರಿ.