ಹದಿನೆಂಟರಿಂದ ಒಂಬತ್ತಕ್ಕೆ

ಪುಣೆಯ ಕೋಥರೂಡಿನಿಂದ ಧಾರವಾಡದ ನಮ್ಮ ಮನೆಗೆ 400 ಕಿಲೋಮೀಟರಿಗೂ ಹೆಚ್ಚಿನ ದಾರಿ. ವರ್ಷಕ್ಕೊಮ್ಮೆಯಾದರೂ ಅದನ್ನು ಮೋಟಾರ್‌ಸೈಕಲ್ಲಿನ ಮೇಲೆಯೇ ಕ್ರಮಿಸಬೇಕೆಂಬ ಹಟ ನನಗೆ ನಲವತ್ತೈದು ದಾಟಿದ ಮೇಲೆ ಹತ್ತಿಕೊಂಡಿತು. ಗಾಳಿಯ ಎದುರೊತ್ತು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಎದೆಗೆ ಬಡಿಯುವ ಗಾಳಿ 80ರಲ್ಲಿ ನಾಲ್ಕು ಪಟ್ಟಾಗುತ್ತದೆ ಎಂಬ ಪಾಠ ಶಾಲೆಯಲ್ಲಿ ತಲೆಗೆ ಹತ್ತಿರಲಿಲ್ಲ. ಖಂಬಾಟ್ಕಿ ಘಾಟು ದಾಟಿ ಸಾತಾರಾ ಮುಟ್ಟುವಷ್ಟರಲ್ಲಿ ಕತ್ತಿಗೆ ಚೆನ್ನಾಗಿಯೇ ಹತ್ತಿತು. ಮರಳಿ ಬಂದವನೇ ನಾನಾ ಪೇಠೆಗೆ ಹೋದೆ. ದ್ವಿಚಕ್ರ ವಾಹನದ ಬಿಡಿಭಾಗಗಳ ಮಟ್ಟಿಗೆ ಪುಣೆಯಲ್ಲಿ ಅದೇ ಕಾಶಿ. ಅಲ್ಲಿಂದ 18 ಇಂಚು ಎತ್ತರದ, ತಿಳಿನೀರಿನಂತಹ ಅಕ್ರಿಲಿಕ್ ವಿಂಡ್‌ಶೀಲ್ಡ್ ಒಂದನ್ನು ಕಂಕುಳಲ್ಲಿ ಇರುಕಿಕೊಂಡು ತಂದೆ.

ಶೀಲ್ಡಿನಲ್ಲಿ ದೋಷವೇನೂ ಇರಲಿಲ್ಲ. ದೋಷವಿದ್ದದ್ದು ನನ್ನ ಐದು ಅಡಿ ಮೂರು ಇಂಚಿನ ಎತ್ತರದಲ್ಲಿ. ಸವಾರನು ಶೀಲ್ಡಿನ ಮೇಲಿನಿಂದ ನೋಡಬೇಕೇ ಹೊರತು ಅದರ ಮೂಲಕ ನೋಡಬಾರದು, ಆದ್ದರಿಂದ ಅದರ ಮೇಲಂಚು ಮೂಗಿನ ಮಟ್ಟದಲ್ಲಿರಬೇಕು ಎಂಬುದು ಬಲ್ಲವರ ಮಾತು. ನನ್ನ ಪಾಲಿಗೆ ಆ ಅಂಚು ಸರಿಯಾಗಿ ಕಣ್ಣಿನ ಪಾಪೆಗೇ ಅಡ್ಡ ಬಂದು, ರಸ್ತೆ ಮೇಲೊಂದು ಕೆಳಗೊಂದು ಎಂದು ಎರಡಾಯಿತು. ಹೆಲ್ಮೆಟ್ಟಿನ ಗಾಜನ್ನು ಕೈಗವಸಿನಿಂದಾದರೂ ಒರೆಸಿಕೊಳ್ಳಬಹುದು. ಇದಕ್ಕೆ ವೈಪರ್ ಎಲ್ಲಿಂದ ತರುವುದು? ಜುಲೈ ತಿಂಗಳ ಮಳೆಯಲ್ಲಿ ಕರ್ವೆ ರಸ್ತೆಯ ಕೆಂಪು ದೀಪಗಳು ಒಂದೊಂದು ಹನಿಯಲ್ಲೂ ಒಂದೊಂದಾಗಿ ಹೊಳೆಯುವಾಗ, ನಾನು ಯಾವ ದೀಪಕ್ಕೆ ನಿಲ್ಲಬೇಕೆಂಬುದೇ ತಿಳಿಯುತ್ತಿರಲಿಲ್ಲ. ಮೂರು ಇಂಚು ಕತ್ತರಿಸುವುದೆಂದು ನಿಶ್ಚಯಿಸಿದೆ.

ಭಾನುವಾರ ಊಟ ಮುಗಿಸಿ, ಎರಡೂ ಬದಿಗೆ ಮಾಸ್ಕಿಂಗ್ ಟೇಪು ಹಚ್ಚಿ, ಗೆರೆ ಎಳೆದು, ಸಹೋದ್ಯೋಗಿಯಿಂದ ತಂದ ಜಿಗ್‌ಸಾ ಯಂತ್ರವನ್ನು ಬಾಲ್ಕನಿಯಲ್ಲಿ ಚಾಲೂ ಮಾಡಿದಾಗ ಗಂಟೆ ಒಂದೂಕಾಲು. ಪುಣೆಯಲ್ಲಿ ಒಂದರಿಂದ ನಾಲ್ಕರವರೆಗೆ ಅಂಗಡಿಕಾರನೂ ಗಿರಾಕಿಯ ಮುಖ ನೋಡುವುದಿಲ್ಲವೆಂಬುದು ಹದಿನಾರು ವರ್ಷ ಇಲ್ಲಿದ್ದ ನನಗೆ ಗೊತ್ತಿರಲಿಲ್ಲವೆಂದರೆ ಯಾರೂ ನಂಬಲಾರರು. ಅರ್ಧ ಗೆರೆ ಕೊಯ್ಯುವಷ್ಟರಲ್ಲಿ ಕರೆಗಂಟೆ ಬಾರಿಸಿತು. ಬಾಗಿಲಲ್ಲಿ, ಬನಿಯನ್ನು ಮತ್ತು ಪಾಯಜಾಮದಲ್ಲಿ, ಪಕ್ಕದ ಮನೆಯ ನಿವೃತ್ತ ವಕೀಲ ಕಾಕಾ. ಅವರು ಜಗಳವಾಡಲಿಲ್ಲ. "ದುಪಾರಿ?" ಎಂದು ಕೇಳಿದರು. ಮಧ್ಯಾಹ್ನ ಎಂಬರ್ಥದ ಆ ಒಂದೇ ಮರಾಠಿ ಪದದಲ್ಲಿ ನನ್ನ ಸಂಸ್ಕಾರ, ಊರು ಹಾಗೂ ವಂಶದ ವಿಚಾರಣೆಯೆಲ್ಲ ಮುಗಿದಿತ್ತು.

ಕ್ಷಮೆ ಕೇಳಿ ಒಳಗೆ ಬಂದು ನೋಡಿದರೆ, ಕೊಯ್ದಿದ್ದ ಸೀಳು ಮಾಯವಾಗಿತ್ತು. ವೇಗವಾಗಿ ಓಡುವ ಬ್ಲೇಡಿನ ಕಾವಿಗೆ ಅಕ್ರಿಲಿಕ್ ಕರಗುತ್ತದೆ, ಬ್ಲೇಡು ಮುಂದೆ ಸರಿದಂತೆ ಹಿಂದೆ ತಣ್ಣಗಾಗಿ ಮತ್ತೆ ಬೆಸೆದುಕೊಳ್ಳುತ್ತದೆ. ಭೀಮನು ಸೀಳಿ ಎಸೆದಷ್ಟೂ ಜರಾಸಂಧನು ಕೂಡಿಕೊಳ್ಳುತ್ತಿದ್ದನಂತೆ. ಇಲ್ಲಿ ಭೀಮನ ಗದೆಯೂ, ಅಂದರೆ ಎರವಲು ತಂದ ಯಂತ್ರದ ಬ್ಲೇಡೂ, ಅದರ ಹೊಟ್ಟೆಯೊಳಗೇ ಸಿಕ್ಕಿಬಿದ್ದಿತ್ತು. ಅದನ್ನು ಬಿಡಿಸಿ, ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಿನಿಂದ, ನೀರು ತೊಟ್ಟಿಕ್ಕಿಸುತ್ತ, ಸದ್ದಿಲ್ಲದೆ ಕೊಯ್ದು ಮುಗಿಸುವಾಗ ನಾಲ್ಕು ಹೊಡೆಯಿತು. 220, 400, 800 ಎಂದು ಒಂದಾದ ಮೇಲೊಂದರಂತೆ ಉಪ್ಪುಕಾಗದ ತಿಕ್ಕಿದ ಮೇಲೆ ಅಂಚು ನಯವಾಯಿತು, ನನ್ನ ಬೆರಳುಗಳೂ ನಯವಾದವು.

ಮರುದಿನ ಕಚೇರಿಗೆ ಹೊರಟಾಗ ಅಂಚು ಮತ್ತೆ ಕಣ್ಣಿಗೇ ಅಡ್ಡ! ಅಳತೆ ತೆಗೆಯುವಾಗ ನಾನು ಮದುವೆಯ ಫೋಟೋಕ್ಕೆ ಕುಳಿತವನಂತೆ ಬೆನ್ನು ನೆಟ್ಟಗೆ ಮಾಡಿದ್ದೆ. ರಸ್ತೆಯಲ್ಲಿ ನನ್ನ ನಿಜಸ್ವರೂಪ ಎರಡು ಇಂಚು ಕುಗ್ಗಿತ್ತು. ಆ ಎರಡು ಇಂಚೂ ಹೋಗಿ ಶೀಲ್ಡು 13ಕ್ಕೆ ಇಳಿಯಿತು.

ಇಲ್ಲಿಗೇ ನಿಲ್ಲಿಸಬಹುದಾಗಿತ್ತು. ಆದರೆ ಇನ್ನು ಹೇಗೂ ಅದರ ಮೂಲಕ ನೋಡಬೇಕಾಗಿಲ್ಲವಲ್ಲ, ಕಂಪನಿಯ ದುಬಾರಿ ಗಾಡಿಗಳಲ್ಲಿರುವಂತೆ ಹೊಗೆಬಣ್ಣ ಬಂದರೆ ಎಷ್ಟು ಗಂಭೀರವಾಗಿ ಕಂಡೀತು ಎಂಬ ಯೋಚನೆ ಹೊಕ್ಕಿತು. ಕಪ್ಪು ಫಿಲ್ಮ್ ಅಂಟಿಸುವ ವಿಚಾರವನ್ನು ಮೆಟ್ಟಿಲಲ್ಲಿ ಸಿಕ್ಕ ಕಾಕಾ ಅವರೇ ಮುರಿದರು. ಕಾರಿನ ಗಾಜುಗಳಿಗೆ ಅಂತಹ ಫಿಲ್ಮ್ ಹಚ್ಚುವುದನ್ನು ಸುಪ್ರೀಂ ಕೋರ್ಟು 2012ರಲ್ಲಿಯೇ ನಿಷೇಧಿಸಿದೆ, ನಿನ್ನದು ಕಾರಲ್ಲ ಎಂಬ ವಾದವನ್ನು ಚೌಕದಲ್ಲಿ ನಿಂತ ಪೊಲೀಸನ ಮುಂದೆ ಮಂಡಿಸುವ ಧೈರ್ಯವಿದ್ದರೆ ಹಚ್ಚು ಎಂದರು. ಧೈರ್ಯವಿರಲಿಲ್ಲ. ಅಲ್ಲದೆ ಎರಡು ದಿಕ್ಕಿಗೂ ಬಾಗಿದ ಮೈಗೆ ಚಪ್ಪಟೆ ಫಿಲ್ಮ್ ಅಂಟಿಸುವುದೆಂದರೆ ಕುಂಬಳಕಾಯಿಗೆ ಕಾಗದ ಸುತ್ತಿದಂತೆ. ಬಣ್ಣದ ನೀರಿನಲ್ಲಿ ಕುದಿಸುವುದೇ ಸರಿಯೆಂದು ಹತ್ತಿ ಬಟ್ಟೆಗೆ ಹಾಕುವ ಕಪ್ಪು ಬಣ್ಣದ ಪುಡಿಯನ್ನು ತಂದು, ಸತ್ಯನಾರಾಯಣ ಪೂಜೆಗೆ ಶಿರಾ ಮಾಡುವ ದೊಡ್ಡ ಪಾತೇಲಿಯನ್ನು, ಮನೆಯವಳು ಸಂತೆಗೆ ಹೋದ ಹೊತ್ತು ನೋಡಿ, ಒಲೆಗೇರಿಸಿದೆ.

ಒಂದು ಗಂಟೆಯಲ್ಲಿ ಪಾತೇಲಿ, ಸಿಂಕು, ಟವೆಲ್ಲು, ನನ್ನ ಹತ್ತೂ ಉಗುರುಗಳು ಕಪ್ಪಾದವು; ಶೀಲ್ಡು ಮಾತ್ರ ಮೊದಲಿಗಿಂತ ಸ್ವಚ್ಛವಾಗಿ ಎದ್ದು ಬಂದಿತು. ಸಂತೆಯ ಚೀಲ ಇಳಿಸಿದ ಮನೆಯವಳು ಅಡುಗೆಮನೆಯ ಬಾಗಿಲಲ್ಲೇ ನಿಂತು, "ಅಲ್ರೀ, ಗಾಳಿ ತಡಿಲಿಕ್ಕೆ ತಂದದ್ದನ್ನ ಕುದಿಸಿ ಯಾರಿಗೆ ಉಣ್ಣಾಕ ಹಾಕ್ತೀರಿ?" ಎಂದು ಕೇಳಿದಳು. ಬಣ್ಣ ಕುದಿಸಿದ ಪಾತ್ರೆಯಲ್ಲಿ ಮತ್ತೆ ಅಡುಗೆ ಮಾಡಲಾಗದು, ಆದ್ದರಿಂದ ತುಳಶೀಬಾಗಿನಿಂದ ಹೊಸ ಪಾತೇಲಿ ಬಂತು. ಹಳೆಯದು ಅಧಿಕೃತವಾಗಿ ನನ್ನದಾಯಿತು.

ನನ್ನ ಅಜ್ಞಾನವನ್ನು ತಿದ್ದಿದವನು ಇಚಲಕರಂಜಿಯ ಗಿರಣಿಗಳ ನಡುವೆ ಬೆಳೆದ ಗೆಳೆಯ. ಹತ್ತಿಯ ಬಣ್ಣ ನೀರು ಕುಡಿಯುವ ನಾರಿಗೆ ಹಿಡಿಯುತ್ತದೆ, ಪ್ಲಾಸ್ಟಿಕ್ಕಿನ ಮೈಗೆ ಅದು ಆಗಂತುಕ. ಪಾಲಿಯೆಸ್ಟರಿಗೆ ಹಾಕುವ ಡಿಸ್ಪರ್ಸ್ ಬಣ್ಣ ಬೇಕು, ಅದು ಬಿಸಿನೀರಿನಲ್ಲಿ ಒಳಗೆ ಇಳಿಯುತ್ತದೆ ಎಂದ. ಅವನೇ ತಂದುಕೊಟ್ಟ ಪುಡಿಯಲ್ಲಿ ಮೊದಲು ಆ ಮೂರು ಇಂಚಿನ ತುಂಡನ್ನು ಪರೀಕ್ಷೆಗೆ ಇಳಿಸಿದೆ. ಎಂತಹ ಬಣ್ಣ! ಎಲ್ಲಿಯೂ ಹೆಚ್ಚುಕಡಿಮೆಯಿಲ್ಲದೆ, ಮುಂಗಾರಿನ ಮೋಡದಂತೆ ಹರಡಿತ್ತು. ಹಿಗ್ಗಿನಲ್ಲಿ ಶೀಲ್ಡನ್ನು ಇಳಿಸಿದರೆ ಅದು ಪಾತೇಲಿಯಲ್ಲಿ ಅರ್ಧ ಮಾತ್ರ ಮುಳುಗಿತು. ಅರ್ಧ ಆದ ಮೇಲೆ ತಿರುವಿ ಇನ್ನರ್ಧ ಮುಳುಗಿಸಿದೆ. ಎರಡೂ ಸಲ ಮುಳುಗಿದ ನಡುಭಾಗ ಗಾಢವಾಗಿ, ಹಣೆಗೆ ಅಡ್ಡಲಾಗಿ ಕಪ್ಪು ವಿಭೂತಿ ಎಳೆದಂತಾಯಿತು. ಅಕ್ರಿಲಿಕ್ 100 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆಂಬುದನ್ನು ಮರೆತು ನೀರನ್ನು ಕೊತಕೊತ ಕುದಿಸಿದ್ದರಿಂದ, ಪಾತೇಲಿಯ ಅಂಚಿಗೆ ಒರಗಿದ್ದ ಬದಿ ಸೊಟ್ಟಗಾಗಿ, ನಾಲ್ಕು ತೂತುಗಳ ಪೈಕಿ ಎರಡು ಬೋಲ್ಟುಗಳಿಗೆ ವಿಮುಖವಾದವು.

ತೂತು ದೊಡ್ಡದು ಮಾಡಲು ಕಬ್ಬಿಣಕ್ಕೆ ಬಳಸುವ ಡ್ರಿಲ್ ಬಿಟ್ಟನ್ನು ಹಾಕಿದೆ. ಅದು ಆಚೆ ಬದಿಗೆ ಹೊರಬೀಳುವ ಕ್ಷಣದಲ್ಲಿ ಪ್ಲಾಸ್ಟಿಕ್ಕನ್ನು ಕಚ್ಚಿ ಎಳೆಯುತ್ತದೆ. ಟಪ್ ಎಂದ ಸದ್ದಿನೊಡನೆ ಬಿರುಕೊಂದು ಹೊರಟಿತು. ಬಿರುಕಿನ ತುದಿಗೆ ಸಣ್ಣ ತೂತು ಕೊರೆದರೆ ಅದು ಅಲ್ಲಿಗೇ ನಿಲ್ಲುತ್ತದಂತೆ. ನನ್ನ ಕೈಯಲ್ಲಿ ಆ ತೂತಿನಿಂದಲೇ ಎರಡನೆಯದು ಹುಟ್ಟಿತು. ಕೆಳಗಿನ ನಾಲ್ಕು ಇಂಚನ್ನು ಕೊಯ್ದು ಹೊಸ ತೂತುಗಳನ್ನು ಕೈಯಿಂದ ನಿಧಾನಕ್ಕೆ ಕೊರೆದು ಕೂರಿಸಿದಾಗ ಉಳಿದದ್ದು 9 ಇಂಚು. ಈಗ ಅದು ಮೀಟರಿಗೆ ಗಾಳಿ ತಗಲದಂತೆ ಚೆನ್ನಾಗಿ ಕಾಯುತ್ತದೆ.

ಪರೀಕ್ಷೆಯ ತುಂಡನ್ನು ಎಸೆಯುವ ಮನಸ್ಸಾಗದೆ ಮೆಟ್ಟಿಲ ಬಳಿ ಇಟ್ಟಿದ್ದೆ. ಕಾಕಾ ಅದನ್ನು ಬೇಡಿ ಒಯ್ದರು. ವಾರದ ಮೇಲೆ ಅವರ ಬಾಗಿಲಿನಲ್ಲಿ, ಸುಂದರವಾದ ಹೊಗೆಬಣ್ಣದ ಬಾಗಿದ ಫಲಕದ ಮೇಲೆ, ಬಿಳಿ ಮರಾಠಿ ಅಕ್ಷರಗಳು ಕಂಡವು: "ಮಧ್ಯಾಹ್ನ 1ರಿಂದ 4ರವರೆಗೆ ಕರೆಗಂಟೆ ಒತ್ತಬಾರದು. ಕೊಯ್ಯಲೂಬಾರದು."