ಹೈಸ್ಕೂಲ್ ವಿಜ್ಞಾನವನ್ನು ಕಥೆ ಹೇಳಿ ಕಲಿಸಬೇಕಾ?

ಪರ

'ಬೆಳಕಿನ ಚದುರುವಿಕೆ' (ಕಣಗಳಿಗೆ ಬಡಿದ ಬೆಳಕು ದಿಕ್ಕುದಿಕ್ಕಿಗೆ ಹರಡುವುದು) ಅಂತ ಬೋರ್ಡ್ ಮೇಲೆ ಬರೆದ ತಕ್ಷಣ ಹಿಂದಿನ ಬೆಂಚಿನವರು ಕಿಟಕಿ ಕಡೆ ತಿರುಗುತ್ತಾರೆ. ಅದೇ ಮಕ್ಕಳಿಗೆ 1921ರ ಸಂಗತಿ ಹೇಳಿ ನೋಡಿ. ಇಂಗ್ಲೆಂಡಿನಿಂದ ವಾಪಸ್ ಬರುತ್ತಿರುವ ಹಡಗು, ಮೆಡಿಟರೇನಿಯನ್ ಸಮುದ್ರ, ಡೆಕ್ ಮೇಲೆ ಸಿ. ವಿ. ರಾಮನ್. ನೀರು ಯಾಕೆ ಅಷ್ಟು ನೀಲಿ? ಆಕಾಶದ ಬಣ್ಣವೇ ನೀರಲ್ಲಿ ಕಾಣುವುದು ಅಂತ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ ಹೇಳಿಬಿಟ್ಟಿದ್ದರು. ಅಂಥ ದೊಡ್ಡವರು ಹೇಳಿದ ಮೇಲೆ ಮುಗೀತು, ಅಲ್ವಾ? ರಾಮನ್ ಸುಮ್ಮನಾಗಲಿಲ್ಲ. ಕೈಲಿದ್ದ ನಿಕೋಲ್ ಪ್ರಿಸಂ ಹಿಡಿದು, ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕನ್ನು ತಡೆದು ನೋಡಿದರು. ಪ್ರತಿಬಿಂಬ ಹೋಯಿತು, ನೀಲಿ ಹೋಗಲಿಲ್ಲ. ಹಾಗಾದರೆ ನೀರೇ ಬೆಳಕನ್ನು ಚದುರಿಸುತ್ತಿದೆ ಅಂದರು ರಾಮನ್.

ಪ್ರಿಸಂ ತೆಗೆಯುವ ಮೊದಲೇ ಕಥೆ ನಿಲ್ಲಿಸಿ, 'ನೀವಾಗಿದ್ದರೆ ಹೇಗೆ ಪರೀಕ್ಷೆ ಮಾಡ್ತಿದ್ರಿ?' ಅಂತ ಕೇಳಿ. ವರ್ಷವಿಡೀ ಬಾಯಿ ಬಿಡದವರೂ ಏನಾದರೂ ಹೇಳುತ್ತಾರೆ. ಫೆಬ್ರವರಿ 28ರಂದು ವಿಜ್ಞಾನ ದಿನ ಅಂತ ಭಾಷಣ ಹೊಡೆಯುವುದಕ್ಕಿಂತ ಇದು ಎಷ್ಟೋ ಮೇಲು.

ವಿರೋಧ

ರಾಮನ್ ಕಥೆ ಚೆನ್ನಾಗಿದೆ. ಆದರೆ ಕೇಳಿದ ಹುಡುಗಿ, ಸಮುದ್ರ ನೀಲಿಯಾಗಿರುವುದು ಚದುರುವಿಕೆಯಿಂದ ಅಂದುಕೊಂಡು ಮನೆಗೆ ಹೋಗುತ್ತಾಳೆ. ಅದು ಅರ್ಧ ಸತ್ಯ. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಮುಖ್ಯ ಕಾರಣ ಅದೇ. ಕಥೆಯಲ್ಲಿ ನಾಯಕ ಗೆದ್ದಾಗಿದೆ, ಈ ತಿದ್ದುಪಡಿ ಇನ್ನು ಯಾರಿಗೆ ಬೇಕು? ಅಷ್ಟು ಹೊತ್ತಲ್ಲಿ ಒಂದು ಲೋಟ ನೀರಿಗೆ ನಾಲ್ಕು ಹನಿ ಹಾಲು ಬಿಟ್ಟು, ಕತ್ತಲಲ್ಲಿ ಟಾರ್ಚ್ ಹಾಕಿ ತೋರಿಸಬಹುದಿತ್ತು. ಪಕ್ಕದಿಂದ ನೋಡಿದರೆ ತೆಳು ನೀಲಿ, ಎದುರಿನಿಂದ ನಸು ಹಳದಿ.

ಕೆಮಿಸ್ಟ್ರಿಯಲ್ಲಂತೂ ಕೇಳಲೇಬೇಡಿ. ಸೋಡಿಯಂ ಅಂದರೆ ದಾನಶೂರ ಕರ್ಣ, ಕ್ಲೋರಿನ್‌ಗೆ ಒಂದು ಎಲೆಕ್ಟ್ರಾನ್ ಕಡಿಮೆ, ಇವನು ಕೊಟ್ಟ, ಅವನು ತಗೊಂಡ, ಇಬ್ಬರಿಗೂ ಖುಷಿ, ಉಪ್ಪು ರೆಡಿ. ಮಕ್ಕಳು ನಗುತ್ತಾರೆ, ಜನ್ಮಪೂರ್ತಿ ನೆನಪಿಟ್ಟುಕೊಳ್ಳುತ್ತಾರೆ, ತೊಂದರೆ ಇರುವುದೇ ಅಲ್ಲಿ. ಸೋಡಿಯಂ ಸುಮ್ನೆ ಕೊಡುವ ಪೈಕಿ ಅಲ್ಲ. ಒಂದು ಮೋಲ್ (ರಸಾಯನಶಾಸ್ತ್ರದಲ್ಲಿ ಪರಮಾಣು ಎಣಿಸುವ ಒಂದು ನಿಗದಿತ ದೊಡ್ಡ ಸಂಖ್ಯೆ) ಸೋಡಿಯಂ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನ್ ಕೀಳಲು ಸುಮಾರು 496 ಕಿಲೋಜೌಲ್ ಬೇಕು. ಕ್ಲೋರಿನ್ ಅವನ್ನು ತಗೊಂಡಾಗ ವಾಪಸ್ ಸಿಗುವುದು 349 ಮಾತ್ರ. ಲೆಕ್ಕ ಇನ್ನೂ ನಷ್ಟದಲ್ಲಿದೆ. ಹೀಗೆ ಪ್ಲಸ್ಸು, ಮೈನಸ್ಸು ಆದ ಪರಮಾಣುಗಳು, ಅಂದರೆ ಅಯಾನುಗಳು, ಒಂದನ್ನೊಂದು ಸೆಳೆದು ಹರಳಾಗಿ ಕೂಡಿದಾಗ ಸುಮಾರು 787 ಕಿಲೋಜೌಲ್ ಹೊರಬರುತ್ತದಲ್ಲ, ಆ ನಷ್ಟ ತುಂಬುವುದು ಅಲ್ಲಿಂದ.

ಇಷ್ಟೆಲ್ಲ ಹತ್ತನೇ ಕ್ಲಾಸಿಗೆ ಜಾಸ್ತಿ, ಒಪ್ಪಿದೆ. 'ಪ್ಲಸ್ಸು ಮೈನಸ್ಸು ಸೆಳೆಯುತ್ತವೆ' ಅಂದರೆ ಸಾಕು, ಅದು ಅವರಿಗೆ ಅರ್ಥವಾಗುತ್ತದೆ, ಸುಳ್ಳೂ ಅಲ್ಲ. ಇಲ್ಲದಿದ್ದರೆ ಪಿಯುಸಿಯಲ್ಲಿ ಲ್ಯಾಟಿಸ್ ಎನರ್ಜಿ (ಹರಳು ಕೂಡಿದಾಗ ಹೊರಬರುವ ಆ ಶಕ್ತಿ) ಶುರು ಮಾಡುವ ಮೊದಲು ಲೆಕ್ಚರರ್ ಕರ್ಣನನ್ನು ಕ್ಲಾಸಿನಿಂದ ಓಡಿಸಬೇಕಾಗುತ್ತದೆ.