ಪಾಪ-ಪುಣ್ಯದ ಲೆಕ್ಕ ಬರೆಸಿದ್ದು ಯಾರು?

ಧರ್ಮದ ಬಗ್ಗೆ ವಾದ ಶುರುವಾದರೆ ಎರಡು ಮಾತು ಬಂದೇ ಬರುತ್ತವೆ. ಒಬ್ಬರು 'ಎಲ್ಲಾ ಪುರೋಹಿತರ ಕಿತಾಪತಿ ಸ್ವಾಮಿ, ನರಕ ಅಂತ ಹೆದರಿಸಿ ಜನರನ್ನು ಹದ್ದುಬಸ್ತಿನಲ್ಲಿಟ್ಟರು' ಅನ್ನುತ್ತಾರೆ. ಇನ್ನೊಬ್ಬರು 'ಮೇಲೆ ಲೆಕ್ಕ ಕೇಳೋನು ಒಬ್ಬ ಇದ್ದಾನೆ ಅನ್ನೋ ಭಯ ಇಲ್ಲದಿದ್ರೆ ಮನುಷ್ಯ ಮನುಷ್ಯನನ್ನೇ ತಿಂದುಹಾಕ್ತಿದ್ದ' ಅನ್ನುತ್ತಾರೆ. ಕಾಮೆಂಟಿನಲ್ಲಿ ಇಬ್ಬರೂ ಬೆಳಗಿನ ಜಾವದವರೆಗೆ ಕಚ್ಚಾಡುತ್ತಾರೆ. ಆದರೆ ಒಂದು ವಿಷಯದಲ್ಲಿ ಇಬ್ಬರಿಗೂ ಅನುಮಾನವೇ ಇಲ್ಲ. ಸತ್ತ ಮೇಲೆ ಒಳ್ಳೆಯವರಿಗೆ ಸ್ವರ್ಗ, ಕೆಟ್ಟವರಿಗೆ ನರಕ ಅನ್ನೋದು ಧರ್ಮದ ಜೊತೆಗೇ ಹುಟ್ಟಿದ್ದು ಅಂತ ಇಬ್ಬರೂ ನಂಬಿದ್ದಾರೆ.

ಅದು ಹಾಗಿಲ್ಲ. ಬರಹದಲ್ಲಿ ನಮಗೆ ಸಿಗುವ ಅತಿ ಹಳೆಯ ಧರ್ಮಗಳಲ್ಲಿ ಹೆಚ್ಚಿನವುಗಳಲ್ಲಿ ಈ ಲೆಕ್ಕವೇ ಇರಲಿಲ್ಲ. ಅದು ಆಮೇಲೆ ಬಂತು, ಒಂದೊಂದು ಕಡೆ ತುಂಬಾ ತಡವಾಗಿ ಬಂತು. ತಂದವರು ಪುರೋಹಿತರೇ ಅನ್ನುವುದಕ್ಕಿಂತ, ಬದುಕಿದ್ದಾಗ ನ್ಯಾಯ ಸಿಗದವರು ಹಟ ಹಿಡಿದು ತರಿಸಿದರು ಅನ್ನುವುದೇ ಹೆಚ್ಚು ಸರಿ ಅಂತ ನನ್ನ ಅನಿಸಿಕೆ. ಉದ್ದ ಇದೆ, ಪುರಸೊತ್ತಿದ್ದಾಗ ಓದಿ.

ಈಗಿನ ಇರಾಕಿನಿಂದ ಶುರು ಮಾಡೋಣ. ಸುಮೇರ್ ಮತ್ತು ಬ್ಯಾಬಿಲೋನಿನ ಜನ ಜೇಡಿಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟದ್ದು ರಾಶಿ ರಾಶಿ ಸಿಕ್ಕಿದೆ. ಅವರ ಸತ್ತವರ ಲೋಕ ಭೂಮಿಯ ಕೆಳಗೆ. ಅಲ್ಲಿನ ರಾಣಿ ಎರೆಶ್ಕಿಗಲ್. ಗಿಲ್ಗಮೆಶ್ ಎಂಬ ರಾಜನ ಕಥೆಯಲ್ಲಿ ಅವನ ಗೆಳೆಯ ಎನ್ಕಿಡು ಸಾಯುವ ಮುಂಚೆ ಆ ಲೋಕವನ್ನು ಕನಸಿನಲ್ಲಿ ನೋಡುತ್ತಾನೆ. ಕತ್ತಲ ಮನೆ. ಊಟಕ್ಕೆ ಧೂಳು ಮತ್ತು ಮಣ್ಣು. ಸತ್ತವರ ಮೈಮೇಲೆ ಹಕ್ಕಿಗಳ ಹಾಗೆ ಪುಕ್ಕ. ಒಂದು ಕಡೆ ರಾಜರ ಕಿರೀಟಗಳನ್ನು ರಾಶಿ ಹಾಕಿದ್ದಾರೆ, ಪೂಜಾರಿಗಳೂ ಅಲ್ಲೇ ಕೂತಿದ್ದಾರೆ. ಗಮನಿಸಿ, ಪೂಜಾರಿಗಳೂ ಅಲ್ಲೇ! ಅಲ್ಲಿ ಯಾರನ್ನೂ ನಿಲ್ಲಿಸಿ 'ನೀನು ಏನು ಮಾಡಿ ಬಂದೆ' ಅಂತ ಕೇಳುವುದಿಲ್ಲ. ಕಳ್ಳನೂ ಅಲ್ಲಿಗೇ, ಸಾಧುವೂ ಅಲ್ಲಿಗೇ.

ಹಾಗಂತ ಎಲ್ಲರ ಪಾಡೂ ಒಂದೇ ಅಲ್ಲ. ಅದೇ ಕಥೆಯ ಹನ್ನೆರಡನೇ ಹಲಗೆಯಲ್ಲಿ ಗಿಲ್ಗಮೆಶ್ ಎನ್ಕಿಡುವಿನ ಆತ್ಮದ ಹತ್ತಿರ ಸತ್ತವರ ಬಗ್ಗೆ ಒಬ್ಬೊಬ್ಬರದಾಗಿ ವಿಚಾರಿಸುತ್ತಾನೆ. ಒಬ್ಬನೇ ಮಗ ಇದ್ದವನು ಹೇಗಿದ್ದಾನೆ? ಅಳುತ್ತಿದ್ದಾನೆ. ಏಳು ಮಕ್ಕಳಿದ್ದವನು? ಅವನು ದೇವರುಗಳ ಪಕ್ಕ ಕೂತಿದ್ದಾನೆ. ಎಡೆ ಇಡಲು ಯಾರೂ ಇಲ್ಲದವನು? ಪಾತ್ರೆಯ ತಳ ಕೆರೆದದ್ದನ್ನೂ ಬೀದಿಗೆ ಎಸೆದ ರೊಟ್ಟಿ ಚೂರನ್ನೂ ತಿನ್ನುತ್ತಿದ್ದಾನೆ. ಓದುವಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಸತ್ತವನ ಗತಿ ಅವನು ಮಾಡಿದ ಪಾಪದ ಮೇಲೆ ನಿಂತಿಲ್ಲ, ಮನೆಯಲ್ಲಿ ನೀರು ಬಿಡುವವರು ಎಷ್ಟು ಜನ ಉಳಿದಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಸತ್ತ ಹಿರಿಯರಿಗೆ ಅನ್ನ ನೀರು ಕೊಡುವ ಆ ಪದ್ಧತಿಗೆ ಅವರು 'ಕಿಸ್ಪು' ಅನ್ನುತ್ತಿದ್ದರು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ನಮ್ಮ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡಕ್ಕೆ ಹೋದವರು ಕಲ್ಲು ಚಪ್ಪಡಿಗಳ ಆ ಪುಟ್ಟ ಮನೆಗಳನ್ನು ನೋಡಿರುತ್ತೀರಿ. ಕಬ್ಬಿಣ ಯುಗದವು, ಕೆಲವಕ್ಕೆ ಗುಂಡಗಿನ ಕಿಂಡಿ ಬೇರೆ. ಕಟ್ಟಿದವರು ಒಂದಕ್ಷರ ಬರೆದಿಟ್ಟಿಲ್ಲ, ಹಾಗಾಗಿ ಅವರ ನಂಬಿಕೆ ಇದೇ ಅಂತ ಹೇಳಲು ಬರುವುದಿಲ್ಲ. ಆದರೆ ಸತ್ತವರಿಗೂ ಒಂದು ಮನೆ ಬೇಕು ಅಂತ ಅವರಿಗೆ ಅನಿಸಿತ್ತು ಅನ್ನುವುದಂತೂ ಕಣ್ಣೆದುರಿಗೇ ಇದೆ.

ಚೀನಾದ್ದು ಇನ್ನೊಂದು ದಾರಿ. ಕ್ರಿ.ಪೂ. 1200ರ ಆಸುಪಾಸಿನ ಶಾಂಗ್ ರಾಜರು ಎತ್ತಿನ ಮೂಳೆ, ಆಮೆಯ ಚಿಪ್ಪಿಗೆ ಬಿಸಿ ತಾಗಿಸಿ, ಬಿಟ್ಟ ಬಿರುಕು ನೋಡಿ ಹಿರಿಯರನ್ನು ಪ್ರಶ್ನೆ ಕೇಳುತ್ತಿದ್ದರು. ರಾಜನಿಗೆ ಹಲ್ಲುನೋವು ಬಂದಿದೆ, ಯಾವ ಹಿರಿಯರ ಸಿಟ್ಟು ಇದು? ಸತ್ತವರು ಅಲ್ಲಿ ಶಿಕ್ಷೆ ಅನುಭವಿಸುವವರಲ್ಲ, ಶಿಕ್ಷೆ ಕೊಡುವವರು. ಮುಂದೆ ಕನ್‌ಫ್ಯೂಷಿಯಸ್‌ನನ್ನು ಶಿಷ್ಯನೊಬ್ಬ ಸಾವಿನ ಬಗ್ಗೆ ಕೇಳಿದಾಗ, ಬದುಕೇ ಇನ್ನೂ ಗೊತ್ತಾಗಿಲ್ಲ, ಸಾವು ಹೇಗಯ್ಯ ಗೊತ್ತಾಗುತ್ತೆ ಅಂದುಬಿಟ್ಟ.

ಹಾಗಾದರೆ ಲೆಕ್ಕ ಎಲ್ಲಿಂದ ಬಂತು? ಈಜಿಪ್ಟಿನಲ್ಲಿ ಅದು ಬಂದದ್ದನ್ನು ಹೆಚ್ಚು ಕಡಿಮೆ ಹೆಜ್ಜೆ ಹೆಜ್ಜೆಯಾಗಿ ನೋಡಬಹುದು. ಸಕ್ಕಾರಾದಲ್ಲಿ ಉನಾಸ್ ಎಂಬ ರಾಜನ ಪಿರಮಿಡ್ಡಿನ ಒಳಗೋಡೆಯ ಮೇಲೆ ಮಂತ್ರಗಳನ್ನು ಕೆತ್ತಿದ್ದಾರೆ, ಸುಮಾರು ಕ್ರಿ.ಪೂ. 2350ರ ಕಾಲ. ಸತ್ತ ರಾಜ ಆಕಾಶಕ್ಕೆ ಏರಲು ಬೇಕಾದ ಮಂತ್ರಗಳು ಅವು. ಆ ಭಾಗ್ಯ ರಾಜಮನೆತನಕ್ಕೆ ಮಾತ್ರ. ಕೆಲವು ಶತಮಾನ ಕಳೆದ ಮೇಲೆ ಅಂಥವೇ ಮಂತ್ರಗಳು ಅಧಿಕಾರಿಗಳ ಶವಪೆಟ್ಟಿಗೆಯ ಮೇಲೆ ಕಾಣುತ್ತವೆ. ಕ್ರಿ.ಪೂ. 1550ರ ಹೊತ್ತಿಗೆ ಪಪೈರಸ್ ಸುರುಳಿಗೆ ಬರುತ್ತವೆ, ದುಡ್ಡು ಕೊಟ್ಟರೆ ಬರೆಸಿಕೊಳ್ಳಬಹುದು. ಹೀಗೆ ಸ್ವರ್ಗದ ಬಾಗಿಲು ಜನರಿಗೆ ತೆರೆಯುತ್ತಾ ಬಂದ ಹಾಗೆಲ್ಲ ಬಾಗಿಲಲ್ಲಿ ವಿಚಾರಣೆಯೂ ಬಿಗಿಯಾಯಿತು. ಸತ್ತವನ ಹೃದಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ, ಮಾಅತ್ ದೇವತೆಯ ಗರಿಯನ್ನು ಇನ್ನೊಂದರಲ್ಲಿ ಇಡುತ್ತಾರೆ. ಪಕ್ಕದಲ್ಲೇ ಅಮ್ಮಿತ್ ಕಾದು ಕೂತಿರುತ್ತಾಳೆ. ಮೊಸಳೆಯ ತಲೆ, ಸಿಂಹದ ಮುಂಗಾಲು, ನೀರಾನೆಯ ಹಿಂಭಾಗ. ಹೃದಯ ತೂಕದಲ್ಲಿ ಸೋತರೆ ಗುಳುಂ. ಅಷ್ಟೇ, ಮತ್ತೆ ಆ ಮನುಷ್ಯ ಇಲ್ಲ.

ಅಲ್ಲಿ 42 ದೇವತೆಗಳ ಮುಂದೆ ನಿಂತು, ಇದನ್ನು ಮಾಡಿಲ್ಲ, ಅದನ್ನು ಮಾಡಿಲ್ಲ ಅಂತ ಒಪ್ಪಿಸಬೇಕು. ಕೊಂದಿಲ್ಲ, ಕದ್ದಿಲ್ಲ ಅನ್ನೋದು ಇದ್ದೇ ಇದೆ. ನನಗೆ ಇಷ್ಟ ಆಗೋದು ಸಣ್ಣಪುಟ್ಟವು. ತಕ್ಕಡಿಯಲ್ಲಿ ಮೋಸ ಮಾಡಿಲ್ಲ. ಮಗುವಿನ ಬಾಯಿಂದ ಹಾಲು ಕಿತ್ತುಕೊಂಡಿಲ್ಲ. ಹರಿಯುವ ನೀರಿಗೆ ಅಡ್ಡ ಕಟ್ಟಿಲ್ಲ. (ಈ ಕೊನೆಯದನ್ನು ನಾಲೆಯ ತುದಿಯಲ್ಲಿ ಜಮೀನು ಇರುವವರು ಎರಡು ಸಲ ಓದಿ.) ಇವು ಹೆದರಿಸಲು ಕೂತವನ ತಲೆಯಿಂದ ಹುಟ್ಟಿದ ಸಾಲುಗಳ ಹಾಗೆ ಕಾಣುವುದಿಲ್ಲ. ಸಂತೆಯಲ್ಲಿ ತೂಕದಲ್ಲಿ ಮೋಸ ಹೋದವರ, ನೀರು ಸಿಗದೆ ಬೆಳೆ ಒಣಗಿಸಿಕೊಂಡವರ ದೂರಿನ ಪಟ್ಟಿಯ ಹಾಗೆ ಕಾಣುತ್ತವೆ. ಅದೇ ಈಜಿಪ್ಟಿನ ಹಳೆಯ ಕಥೆಯೊಂದರಲ್ಲಿ ಬಡ ರೈತನೊಬ್ಬನ ಕತ್ತೆಗಳನ್ನು ಅಧಿಕಾರಿಯ ಕಡೆಯವನು ಕಿತ್ತುಕೊಳ್ಳುತ್ತಾನೆ. ರೈತ ಒಂಬತ್ತು ಸಲ ಅಹವಾಲು ಹೇಳಿಕೊಳ್ಳುತ್ತಾನೆ, ಒಂದಕ್ಕಿಂತ ಒಂದು ಖಾರವಾಗಿ. ಅವನು ಕೇಳುವುದೂ ಮಾಅತ್ತನ್ನೇ, ಅಂದರೆ ನ್ಯಾಯವನ್ನೇ.

ಪುರೋಹಿತರು ಏನೂ ಮಾಡಲಿಲ್ಲವಾ? ಮಾಡಿದರು, ವ್ಯಾಪಾರ ಮಾಡಿದರು. ಸುರುಳಿಗಳನ್ನು ಮೊದಲೇ ಬರೆದಿಟ್ಟು ಹೆಸರಿನ ಜಾಗ ಖಾಲಿ ಬಿಡುತ್ತಿದ್ದರು. ಕೊಂಡವರ ಹೆಸರು ಆಮೇಲೆ ತುಂಬುವುದು. ಇನ್ನೊಂದು ಭಾರಿ ಉಪಾಯವೂ ಇತ್ತು. ಜೀರುಂಡೆ ಆಕಾರದ ಕಲ್ಲಿನ ತಾಯಿತ ಮಾಡಿ ಹೆಣದ ಎದೆಯ ಮೇಲೆ ಇಡುವುದು. ಅದರ ಮೇಲೆ ಕೆತ್ತಿದ ಮಂತ್ರದ ಅರ್ಥ ಇಷ್ಟೇ: ನನ್ನ ಹೃದಯವೇ, ತೂಕದ ಹೊತ್ತಲ್ಲಿ ನನ್ನ ವಿರುದ್ಧ ಸಾಕ್ಷಿ ಹೇಳಬೇಡ. ಜನ ನ್ಯಾಯ ಬೇಕು ಅಂದರು, ಸಿಕ್ಕಿತು. ಬೆನ್ನಿಗೇ ನ್ಯಾಯ ತಪ್ಪಿಸಿಕೊಳ್ಳುವ ತಾಯಿತಕ್ಕೂ ಗಿರಾಕಿಗಳಾದರು.

ಪಾರ್ಸಿಗಳ ಧರ್ಮದ ಮೂಲಗುರು ಜರತುಷ್ಟ್ರನ ವಿಷಯದಲ್ಲೂ ಶುರುವಿನಲ್ಲಿ ಇರುವುದು ಒಂದು ದೂರು. ಅವನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ, ಸಾವಿರ ವರ್ಷದಷ್ಟು ಹಿಂದೆ ಮುಂದೆ ಎಳೆದಾಡುತ್ತಾರೆ. ಅವನದೇ ಎನ್ನುವ ಗಾಥೆಗಳಲ್ಲಿ ಒಂದು ಕಡೆ ಹಸುವಿನ ಆತ್ಮ ಬಂದು ಗೋಳಾಡುತ್ತದೆ. ನನ್ನನ್ನು ಯಾಕೆ ಹುಟ್ಟಿಸಿದಿರಿ, ಹಿಂಸೆ, ದಬ್ಬಾಳಿಕೆ ತಾಳಲಾರೆ, ನನ್ನನ್ನು ಕಾಯುವವರು ಯಾರು ಅಂತ. ಮಂದೆ ಹೊಡೆದುಕೊಂಡು ಹೋಗುವ ದಾಳಿಕೋರರು, ಅವರನ್ನು ತಡೆಯಲಾಗದ ದನ ಕಾಯುವ ಜನ. ಆ ಲೋಕಕ್ಕೆ ಅವನು ಕೊಟ್ಟ ಉತ್ತರ ಚಿನ್ವತ್ ಸೇತುವೆ. ಸತ್ತವರೆಲ್ಲ ಅದನ್ನು ದಾಟಬೇಕು. ಮುಂದಿನ ಗ್ರಂಥಗಳಲ್ಲಿ ಅದಕ್ಕೆ ಬಣ್ಣ ತುಂಬಿದೆ. ಒಳ್ಳೆಯವನಿಗೆ ಸೇತುವೆ ಅಗಲವಾಗುತ್ತದೆ, ಕೆಟ್ಟವನಿಗೆ ಕತ್ತಿಯ ಅಲಗಿನಷ್ಟು ಸಣ್ಣದಾಗುತ್ತದೆ. ದಾರಿಯಲ್ಲಿ ಒಬ್ಬ ಹೆಣ್ಣು ಎದುರಾಗುತ್ತಾಳೆ, ಒಬ್ಬರಿಗೆ ಸುಂದರಿ, ಒಬ್ಬರಿಗೆ ಕುರೂಪಿ. ಯಾರಮ್ಮಾ ನೀನು ಅಂದರೆ, ನಿನ್ನದೇ ನಡತೆ ನಾನು ಅನ್ನುತ್ತಾಳೆ. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ ಅನಿಸುತ್ತದೆ ನನಗೆ. ಈ ನಂಬಿಕೆಯ ಜನ ಈಗ ಇರುವುದೇ ಕೊಂಚ. ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿ ಪಾರ್ಸಿಗಳ ಅಗ್ನಿಮಂದಿರ ಇದೆ. ಅದರ ಮುಂದೆ ದಿನಾ ಓಡಾಡುವವರಲ್ಲಿ ಎಷ್ಟು ಜನಕ್ಕೆ ಗೊತ್ತೋ.

ನನ್ನ ವಾದಕ್ಕೆ ಗಟ್ಟಿ ಸಾಕ್ಷಿ ಸಿಗುವುದು ಯಹೂದಿಗಳಲ್ಲಿ. ಹಳೆಯ ಹೀಬ್ರೂ ಗ್ರಂಥಗಳಲ್ಲಿ ಸತ್ತವರು ಹೋಗುವುದು ಶಿಯೋಲ್ ಎಂಬ ಕತ್ತಲ ತಾವಿಗೆ, ಒಳ್ಳೆಯವರೂ ಕೆಟ್ಟವರೂ. ದೇವರ ಮಾತು ಕೇಳಿದರೆ ಸಿಗುವುದೇನು? ಕಾಲಕಾಲಕ್ಕೆ ಮಳೆ, ಬೆಳೆ, ಮಕ್ಕಳುಮರಿ, ಸ್ವಂತ ನೆಲ. ಎಲ್ಲಾ ಇಲ್ಲೇ, ಸಾಯುವ ಮುಂಚೆಯೇ. ನೂರಾರು ವರ್ಷ ಹಾಗೇ ನಡೆಯಿತು. ಕ್ರಿ.ಪೂ. 167ರಲ್ಲಿ ಗ್ರೀಕ್ ಅರಸ ನಾಲ್ಕನೇ ಆಂಟಿಯೋಕಸ್ ಅವರ ಆಚರಣೆಗಳನ್ನೇ ನಿಷೇಧಿಸಿದ. ದೇವರ ಮಾತು ಬಿಟ್ಟವರು ಬದುಕಿದರು, ಬಿಡದವರನ್ನು ಕೊಂದರು. ಹಳೆಯ ಲೆಕ್ಕ ಪೂರ್ತಿ ತಲೆಕೆಳಗಾಯಿತು. ಆ ಹೊತ್ತಿನಲ್ಲೇ ದಾನಿಯೇಲನ ಗ್ರಂಥ ಈಗಿನ ರೂಪಕ್ಕೆ ಬಂದದ್ದು ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಮಣ್ಣಿನಲ್ಲಿ ಮಲಗಿರುವ ಅನೇಕರು ಎದ್ದು ಬರುತ್ತಾರೆ, ಕೆಲವರು ನಿತ್ಯಜೀವಕ್ಕೆ, ಕೆಲವರು ನಿತ್ಯ ಅವಮಾನಕ್ಕೆ ಎಂಬ ಮಾತು ಅದರಲ್ಲಿ ಸ್ಪಷ್ಟವಾಗಿ ಬರುತ್ತದೆ. ಕೊಂದವರೂ ಸತ್ತವರೂ ಒಂದೇ ಕತ್ತಲಿಗೆ ಹೋಗುತ್ತಾರೆ ಅನ್ನುವುದನ್ನು ಮಕ್ಕಳನ್ನು ಕಳೆದುಕೊಂಡ ತಾಯಿ ಹೇಗೆ ಒಪ್ಪುತ್ತಾಳೆ ಹೇಳಿ?

ಈಗ ತಮಾಷೆ ನೋಡಿ. ಈ ಹೊಸ ನಂಬಿಕೆಯನ್ನು ಒಪ್ಪದೆ, ಪುನರುತ್ಥಾನವೂ ಇಲ್ಲ ಏನೂ ಇಲ್ಲ ಅಂತ ಕೊನೆಯವರೆಗೆ ತಲೆ ಅಲ್ಲಾಡಿಸಿದವರು ಯಾರು? ಸದ್ದುಕಾಯರು. ಅವರ ಹಿಂದೆ ಇದ್ದದ್ದು ಜೆರುಸಲೇಮ್ ದೇವಾಲಯದ ದೊಡ್ಡ ಪುರೋಹಿತ ಮನೆತನಗಳು, ದುಡ್ಡಿದ್ದವರು. ಒಪ್ಪಿದವರು ಫರಿಸಾಯರು, ಜನಸಾಮಾನ್ಯರಿಗೆ ಹತ್ತಿರ ಇದ್ದವರು. ಪುರೋಹಿತರೇ ನರಕ ಹುಟ್ಟಿಸಿದರು ಅನ್ನುವವರು ಇದಕ್ಕೆ ಏನು ಹೇಳುತ್ತಾರೋ ನೋಡಬೇಕು. ಇಲ್ಲೇ ಎಲ್ಲಾ ಸಿಕ್ಕವರಿಗೆ ಅಲ್ಲಿ ಲೆಕ್ಕ ಯಾಕೆ ಬೇಕು?

ಇನ್ನು ನಮ್ಮದು. ಋಗ್ವೇದದ ಹತ್ತನೇ ಮಂಡಲದಲ್ಲಿ ಯಮ ಬರುತ್ತಾನೆ. ಕೋಣ, ಚಿತ್ರಗುಪ್ತ ಯಾವುದೂ ಇಲ್ಲ. ಅವನು ಸತ್ತವರು ಹೋಗುವ ದಾರಿಯನ್ನು ಮೊದಲು ಕಂಡುಕೊಂಡವನು, ಹಿಂದೆ ಹೋದ ಪಿತೃಗಳ ಜೊತೆ ಇರುವವನು. ದಾರಿಯಲ್ಲಿ ನಾಲ್ಕು ಕಣ್ಣಿನ ಎರಡು ನಾಯಿಗಳಿವೆ. ಕೆಟ್ಟವರನ್ನು ಆಳದ ಕತ್ತಲಿಗೆ ತಳ್ಳು ಅಂತ ಬೇರೆ ಕಡೆ ಒಂದೆರಡು ಸೂಕ್ತಗಳಲ್ಲಿ ಬೇಡಿಕೊಳ್ಳುತ್ತಾರೆ, ಆದರೆ ವಿಚಾರಣೆ ಅಂತ ಇಲ್ಲ. ಪುನರ್ಜನ್ಮವೂ ಸ್ಪಷ್ಟವಾಗಿ ಇಲ್ಲ. ಶತಪಥ ಬ್ರಾಹ್ಮಣ ಎಂಬ ಯಜ್ಞದ ಗ್ರಂಥಕ್ಕೆ ಬಂದರೆ ವರುಣನ ಮಗ ಭೃಗು ಒಂದು ಭಯಂಕರ ದೃಶ್ಯ ನೋಡುತ್ತಾನೆ. ಮನುಷ್ಯರು ಮನುಷ್ಯರನ್ನೇ ಕಡಿದು ಹಂಚಿಕೊಳ್ಳುತ್ತಿದ್ದಾರೆ, ಯಾಕೆ ಅಂದರೆ ಅಲ್ಲಿ ಇವರು ನಮಗೆ ಹೀಗೇ ಮಾಡಿದ್ದರು, ಇಲ್ಲಿ ನಾವು ಮಾಡುತ್ತಿದ್ದೇವೆ ಅನ್ನುತ್ತಾರೆ. ಮಾಡಿದ್ದುಣ್ಣೋ ಮಹಾರಾಯ!

ಆಮೇಲೆ ಬೃಹದಾರಣ್ಯಕ ಉಪನಿಷತ್ತು. ತುಂಬಿದ ಸಭೆಯಲ್ಲಿ ಆರ್ತಭಾಗ ಯಾಜ್ಞವಲ್ಕ್ಯನನ್ನು ಕೇಳುತ್ತಾನೆ: ಸತ್ತವನ ಮಾತು ಬೆಂಕಿಗೆ, ಉಸಿರು ಗಾಳಿಗೆ, ಕಣ್ಣು ಸೂರ್ಯನಿಗೆ ಹೋದ ಮೇಲೆ ಆ ಮನುಷ್ಯ ಎಲ್ಲಿರುತ್ತಾನೆ? ಯಾಜ್ಞವಲ್ಕ್ಯ ಸಭೆಯಲ್ಲಿ ಉತ್ತರ ಕೊಡುವುದಿಲ್ಲ. ಕೈ ಕೊಡಪ್ಪಾ, ಇದು ನಾವಿಬ್ಬರೇ ಮಾತಾಡುವ ವಿಷಯ, ಜನರ ನಡುವೆ ಅಲ್ಲ ಅಂತ ಹೊರಗೆ ಕರೆದುಕೊಂಡು ಹೋಗುತ್ತಾನೆ. ಅವರು ಆಡಿದ ಮಾತು ಕರ್ಮದ ಬಗ್ಗೆ, ಒಳ್ಳೆಯ ಕೆಲಸದಿಂದ ಒಳ್ಳೆಯವನು, ಕೆಟ್ಟದರಿಂದ ಕೆಟ್ಟವನು ಅಂತ. ಇವತ್ತು ಕಟ್ಟೆಯ ಮೇಲೆ ಕೂತವರೆಲ್ಲ ಹೇಳುವ ಮಾತು ಅವತ್ತು ಗುಟ್ಟಾಗಿತ್ತು!

ಇಲ್ಲಿಯವರೆಗೆ ನನ್ನ ವಾದಕ್ಕೆ ತೊಂದರೆ ಇಲ್ಲ. ಆದರೆ ಛಾಂದೋಗ್ಯ ಉಪನಿಷತ್ತಿನಲ್ಲಿ ಅದೇ ಕರ್ಮದ ಮಾತು, ಒಳ್ಳೆಯ ನಡತೆಯವರು ಬ್ರಾಹ್ಮಣ, ಕ್ಷತ್ರಿಯ, ವೈಶ್ಯರಾಗಿ ಹುಟ್ಟುತ್ತಾರೆ, ಕೆಟ್ಟ ನಡತೆಯವರು ನಾಯಿ, ಹಂದಿ, ಚಂಡಾಲರಾಗಿ ಹುಟ್ಟುತ್ತಾರೆ ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಇದು ನನಗೆ ನುಂಗಲಾಗದ ತುತ್ತು. ಬೇರೆ ಕಡೆ ಲೆಕ್ಕ ಮುಂದಕ್ಕಿತ್ತು, ನಿನ್ನನ್ನು ತುಳಿದವನಿಗೆ ನಾಳೆ ಇದೆ ಅನ್ನುತ್ತಿತ್ತು. ಇಲ್ಲಿ ಹಿಂದಕ್ಕೂ ತಿರುಗಿತು, ನಿನ್ನನ್ನು ತುಳಿಯುತ್ತಿದ್ದಾರೆ ಅಂದರೆ ಹಿಂದೆ ನೀನೇ ಏನೋ ಮಾಡಿರಬೇಕು ಅಂತ. ನ್ಯಾಯ ಕೇಳಲು ಬಂದವನ ಮೇಲೇ ಕೇಸು ಹಾಕಿದ ಹಾಗೆ.

ಅದೇ ಸುಮಾರಿನ ಕಾಲದಲ್ಲಿ ಮಗಧದ ಕಡೆ ಅಲೆದ ಸನ್ಯಾಸಿಗಳದ್ದು ಒಬ್ಬೊಬ್ಬರದು ಒಂದೊಂದು ಮಾತು. ಅಜಿತ ಕೇಶಕಂಬಳಿ ದಡ್ಡನೂ ಜಾಣನೂ ಸತ್ತ ಮೇಲೆ ಮಣ್ಣು, ಮುಗೀತು ಅಂದ. ಮಕ್ಖಲಿ ಗೋಸಾಲ ಎಲ್ಲಾ ನಿಯತಿ, ಎಸೆದ ದಾರದ ಉಂಡೆ ಬಿಚ್ಚಿಕೊಂಡು ಮುಗಿಯುವ ತನಕ ಏನು ಮಾಡಿದರೂ ಅಷ್ಟೇ ಅಂದ. ಜೈನರು ಲೆಕ್ಕವನ್ನು ಇಟ್ಟುಕೊಂಡರು, ಲೆಕ್ಕ ಕೇಳುವವನನ್ನು ತೆಗೆದುಹಾಕಿದರು. ಕರ್ಮ ಅವರಿಗೆ ಜೀವಕ್ಕೆ ಅಂಟುವ ಸಣ್ಣ ಕಣ. ಅಂಟಿಸಿಕೊಂಡವನೇ ತಪಸ್ಸಿನಿಂದ ಉದುರಿಸಬೇಕು. ಯಾವ ದೇವರೂ ಮಾಫಿ ಮಾಡಲಾರ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ನಂದಿಸೇನ ಮುನಿಯ ಏಳನೇ ಶತಮಾನದ ಕನ್ನಡ ಶಾಸನ ಇದೆ. ರೂಪ, ಹಣ, ವೈಭವ ಎಲ್ಲ ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ತೋರಿ ಮರೆಯಾಗುತ್ತವೆ ಅಂತ ತಿಳಿದು ಅವನು ಸನ್ಯಸನ, ಅಂದರೆ ಅನ್ನ ನೀರು ಬಿಟ್ಟು ಪ್ರಾಣ ಬಿಡುವ ವ್ರತ, ಕೈಗೊಂಡ ಸಂಗತಿ ಅದರಲ್ಲಿದೆ. ಅದರಲ್ಲಿ ಹೆದರಿಕೆಯ ಸುಳಿವೇ ಇಲ್ಲ.

ನಮ್ಮ ಕಡೆ ಸಾವಿನ ಮನೆಯಲ್ಲಿ ಓದಿಸುವ ಗರುಡ ಪುರಾಣ ಇದೆಲ್ಲಕ್ಕಿಂತ ಎಷ್ಟೋ ಶತಮಾನ ಈಚಿನದು. ಕುದಿಯುವ ಎಣ್ಣೆ, ವೈತರಣಿ, ಯಾವ ಪಾಪಕ್ಕೆ ಯಾವ ನರಕ, ಯಾವ ದಾನ ಕೊಟ್ಟರೆ ಪಾರು ಎಲ್ಲ ಅದರಲ್ಲಿದೆ. ಪುರೋಹಿತರ ಕಿತಾಪತಿ ಅನ್ನುವವರು ಈ ಗೋದಾನದ ಭಾಗವನ್ನು ಹಿಡಿದು ಕೇಳಿದರೆ ನಾನು ಅಡ್ಡ ಬರುವುದಿಲ್ಲ, ಜೀರುಂಡೆ ತಾಯಿತದ ಜಾತಿಯದೇ ಅದು. ಆದರೆ ಅಲ್ಲಿ ಕೂತು ಕೇಳುವವರನ್ನು ಗಮನಿಸಿದ್ದೀರಾ? ಪರರ ಜಮೀನು ಒತ್ತಿದವನಿಗೆ ಏನಾಗುತ್ತದೆ ಅನ್ನೋದು ಬಂದಾಗ ಕೆಲವರು ತಲೆ ತಗ್ಗಿಸಿದರೆ, ಹಿಂದೆ ಗೋಡೆಗೆ ಒರಗಿ ಕೂತ ಮುದುಕಿಯರು 'ಹೂಂ, ಹಂಗೇ ಆಗಬೇಕು' ಅನ್ನುತ್ತಾರೆ. ನಿಮ್ಮ ಊರಲ್ಲೂ ಓದಿಸುತ್ತಾರಾ, ಎಷ್ಟನೇ ದಿನ, ಯಾರು ಓದುತ್ತಾರೆ, ಅಂತ ಕಾಮೆಂಟಿನಲ್ಲಿ ಬರೆಯಿರಿ. ಕಚ್ಚಾಡುವವರೂ ಬನ್ನಿ, ಆದರೆ ಸದ್ದುಕಾಯರಿಗೆ ಉತ್ತರ ತಗೊಂಡು ಬನ್ನಿ.